ಸ್ಕೂಬಾ ಕ್ಲಬ್ಬಿನ ವಾರಾಂತ್ಯ ಪ್ರವಾಸ: ಸಂಚಾಲಕರಿಗೊಂದು ಮಾರ್ಗದರ್ಶಿ

ಕ್ಲಬ್ಬಿನ ಎರಡು ದಿನಗಳ ಕಡಲತೀರ ಪ್ರವಾಸದ ಹೊಣೆ ಹೊತ್ತವರು ಸಾಮಾನ್ಯವಾಗಿ ಮೊದಲು ವಸತಿಯನ್ನೂ ವಾಹನವನ್ನೂ ಗೊತ್ತುಮಾಡಿ, ಆಮೇಲೆ ದೋಣಿಯವರೊಡನೆ ಮಾತಾಡಿ, ಎಲ್ಲ ಮುಗಿದ ಮೇಲೆ ಉಬ್ಬರವಿಳಿತದ ಪಟ್ಟಿಯತ್ತ ಕಣ್ಣು ಹಾಯಿಸುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ. ನೀರಿಗಿಳಿಯಲು ಯೋಗ್ಯವಾದ ಹೊತ್ತು ಆ ಎರಡು ದಿನಗಳಲ್ಲಿ ಯಾವಾಗ ಬರುತ್ತದೆ, ಎರಡನೆಯ ದಿನದ ಕೊನೆಯ ಡೈವ್ ಎಷ್ಟು ಗಂಟೆಗೆ ಮುಗಿಯಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಉಳಿದ ಏರ್ಪಾಡುಗಳಿಗೆ ಕೈಹಾಕಬೇಕು.

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿರುತ್ತವೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಅದೇ ಘಟ್ಟ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಶನಿವಾರ ಬೆಳಿಗ್ಗೆ 9 ಗಂಟೆಗೆ ಸೆಳೆತ ನಿಂತಿದ್ದರೆ ಭಾನುವಾರ ಅದು 10 ಗಂಟೆಯ ಹತ್ತಿರಕ್ಕೆ ಸರಿಯುತ್ತದೆ. ಎರಡೂ ದಿನಕ್ಕೆ ಒಂದೇ ವೇಳಾಪಟ್ಟಿ ಬರೆದಿಟ್ಟರೆ ಎರಡನೆಯ ದಿನ ಡೈವರ್‌ಗಳು ಸೆಳೆತ ಇನ್ನೂ ಬಿರುಸಾಗಿರುವಾಗಲೇ ನೀರಿಗೆ ಬೀಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತವೂ ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ತಗ್ಗುತ್ತವೆ. ಹೊಸಬರು ಹೆಚ್ಚಿರುವ ತಂಡವಾದರೆ ಅಷ್ಟಮಿಗೆ ಹತ್ತಿರದ ವಾರಾಂತ್ಯವನ್ನೇ ಆರಿಸಿಕೊಳ್ಳುವುದು ಜಾಣತನ. ಇಕ್ಕಟ್ಟಾದ ಕಾಲುವೆ, ಅಳಿವೆಬಾಯಿಗಳಲ್ಲಿ ಸೆಳೆತ ನಿಲ್ಲುವ ಹೊತ್ತಿಗೂ ಪಟ್ಟಿಯಲ್ಲಿರುವ ಉಬ್ಬರದ ಹೊತ್ತಿಗೂ ವ್ಯತ್ಯಾಸವಿರುವುದುಂಟು; ಆ ವಿಷಯದಲ್ಲಿ ಮುದ್ರಿತ ಪಟ್ಟಿಗಿಂತ ಆ ನೀರಿನಲ್ಲೇ ದೋಣಿ ನಡೆಸುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕು. ಏರಿಳಿತ ತೀರ ಕಡಿಮೆ ಇರುವ ಕಡಲುಗಳಲ್ಲಿ ಗಾಳಿ ಮತ್ತು ದೂರದಿಂದ ಬರುವ ಅಲೆಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. ಯಾವ ಕಡಲಾದರೂ ಸರಿ, ಗಾಳಿಗೆ ಮರೆಯಾದ ಇನ್ನೊಂದು ಜಾಗವನ್ನು ಮೊದಲೇ ಗುರುತಿಸಿಟ್ಟುಕೊಂಡಿರಬೇಕು, ಮತ್ತು ಡೈವ್ ರದ್ದುಮಾಡುವ ಅಧಿಕಾರ ಯಾರದೆಂಬುದನ್ನು ಹೊರಡುವ ಮೊದಲೇ ಎಲ್ಲರಿಗೂ ತಿಳಿಸಿರಬೇಕು. ದೋಣಿಯ ಮೇಲೆ ಬಹುಮತ ಕೇಳಿದರೆ ಬರುವ ಉತ್ತರ ಯಾವಾಗಲೂ ‘ಇಳಿಯೋಣ’ ಎಂದೇ ಇರುತ್ತದೆ.

ಕೊನೆಯ ಡೈವಿನ ಸಮಯವನ್ನು ಮನೆಗೆ ಮರಳುವ ದಾರಿ ನಿರ್ಧರಿಸುತ್ತದೆ. ದೇಹದಲ್ಲಿ ಕರಗಿದ ನೈಟ್ರೋಜನ್ ಸುತ್ತಲಿನ ಒತ್ತಡ ಬೇಗ ತಗ್ಗಿದರೆ ಗುಳ್ಳೆಗಟ್ಟಿ ‘ಒತ್ತಡದ ಕಾಯಿಲೆ’ ತರುವುದರಿಂದ ಅದು ಹೊರಬೀಳಲು ಕಾಲಾವಕಾಶ ಬೇಕು, ಮತ್ತು ವಿಮಾನದೊಳಗಿನ ಒತ್ತಡವು ಸುಮಾರು 2400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಆದ್ದರಿಂದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳು ಅಥವಾ ಹಲವು ದಿನಗಳ ಡೈವಿಂಗ್ ಆಗಿದ್ದರೆ ಕನಿಷ್ಠ 18 ಗಂಟೆ ಕಳೆಯುವವರೆಗೆ ವಿಮಾನ ಹತ್ತಬಾರದೆಂಬುದು ರೂಢಿಯಲ್ಲಿರುವ ಸೂಚನೆ. ಏರುವಾಗ ಕಡ್ಡಾಯ ನಿಲುಗಡೆ ಬೇಕಾಗುವಂತಹ ಡೈವ್ ಮಾಡಿದವರು 24 ಗಂಟೆಗಿಂತಲೂ ಹೆಚ್ಚು ಕಾಯಬೇಕು. ಬಹಳ ಮಂದಿ ಮರೆಯುವ ಸಂಗತಿಯೆಂದರೆ, ಕಡಲತೀರದಿಂದ ಎತ್ತರದ ಘಟ್ಟದ ರಸ್ತೆ ಹತ್ತಿ ಹೋಗುವ ಬಸ್ಸಿಗೂ ಇದೇ ತರ್ಕ ಅನ್ವಯಿಸುತ್ತದೆ. ಹೀಗಾಗಿ ಆಳದ ಡೈವ್‌ಗಳನ್ನೆಲ್ಲ ಮೊದಲ ದಿನಕ್ಕೆ ಇಟ್ಟುಕೊಂಡು, ಎರಡನೆಯ ದಿನ ಆಳ ಕಡಿಮೆ ಇರುವ ಒಂದು ಡೈವ್ ಮಾಡಿ ಮಧ್ಯಾಹ್ನಕ್ಕೆ ಮೊದಲೇ ಮುಗಿಸುವುದು ಒಳ್ಳೆಯದು.

ಇನ್ನು ಜನರ ವಿಷಯ. ಹೆಸರು ಬರೆಸಿಕೊಳ್ಳುವಾಗಲೇ ಪ್ರತಿಯೊಬ್ಬರ ತರಬೇತಿಯ ಹಂತವನ್ನೂ ಕೊನೆಯ ಡೈವಿನ ತಿಂಗಳನ್ನೂ ಕೇಳಿಕೊಳ್ಳಬೇಕು. ಓಪನ್ ವಾಟರ್ ಹಂತದವರಿಗೆ ಸಾಮಾನ್ಯ ಮಿತಿ 18 ಮೀಟರ್, ಅಡ್ವಾನ್ಸ್ಡ್ ಹಂತದವರಿಗೆ 30 ಮೀಟರ್. ವಿಶೇಷ ತರಬೇತಿ ಪಡೆದವರಿಗೂ ಹವ್ಯಾಸಿ ಡೈವಿಂಗ್‌ನಲ್ಲಿ 40 ಮೀಟರ್ ಕೊನೆಯ ಗಡಿ. ಜೋಡಿಯಲ್ಲಿ ಯಾರ ಮಿತಿ ಕಡಿಮೆಯೋ ಅದೇ ಇಬ್ಬರ ಮಿತಿ. ವರ್ಷಗಟ್ಟಲೆ ನೀರಿಗಿಳಿಯದವರು ತಮ್ಮ ಕಾರ್ಡಿನ ಮೇಲೆ ಏನೇ ಬರೆದಿರಲಿ, ಮೊದಲ ಡೈವನ್ನು ಆಳವಿಲ್ಲದ, ಮರಳು ತಳದ ಜಾಗದಲ್ಲಿ ಮಾಡಿ, ಮಾಸ್ಕಿನ ನೀರು ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕಿ ಹಿಡಿಯುವುದು ಮುಂತಾದವನ್ನು ಮತ್ತೊಮ್ಮೆ ಅಭ್ಯಾಸ ಮಾಡಲಿ. ಆರೋಗ್ಯದ ಪ್ರಶ್ನಾವಳಿಯನ್ನು ಎರಡು ವಾರ ಮೊದಲೇ ಕಳುಹಿಸಿದರೆ, ಅಸ್ತಮಾ, ಹೃದಯದ ತೊಂದರೆ ಮೊದಲಾದವುಗಳಿಗೆ ‘ಹೌದು’ ಎಂದು ಬರೆದವರು ವೈದ್ಯರನ್ನು ಕಂಡುಬರಲು ಸಮಯ ಸಿಗುತ್ತದೆ. ನೆಗಡಿಯಾದವರು ಮೂಗು ಕಟ್ಟಿಕೊಂಡೇ ಹೊರಡುವುದನ್ನು ಪ್ರತಿ ಕ್ಲಬ್ಬಿನಲ್ಲೂ ಕಾಣಬಹುದು. ಕಿವಿಯ ಒತ್ತಡ ಸರಿಹೊಂದದೆ ಕರ್ಣಪಟಲಕ್ಕೆ ಪೆಟ್ಟಾಗುವ ಸಾಧ್ಯತೆಯಿರುವುದರಿಂದ ಅಂಥವರನ್ನು ದೋಣಿಯ ಮೇಲೆ ದಾಖಲೆ ಬರೆಯಲು ಕೂರಿಸಬೇಕು.

ಜೋಡಿಗಳನ್ನು ಹೊರಡುವ ಮೊದಲೇ ಬರೆದಿಡಬೇಕು. ದೋಣಿಯ ಮೇಲೆ ಬಿಟ್ಟರೆ ಗೆಳೆಯರು ಗೆಳೆಯರೊಡನೆ ಸೇರಿಕೊಂಡು, ಕೊನೆಗೆ ಇಬ್ಬರು ಹೊಸಬರು ಒಬ್ಬರಿಗೊಬ್ಬರು ಆಸರೆಯಾಗಿ ಉಳಿಯುತ್ತಾರೆ. ಅನುಭವದ ಜೊತೆಗೆ ಗಾಳಿ ಖರ್ಚಾಗುವ ವೇಗವನ್ನೂ ಗಮನಿಸಿ ಜೋಡಿಸುವುದು ಉತ್ತಮ. ಕ್ಯಾಮೆರಾ ಹಿಡಿದವರನ್ನು ಹೊಸಬರಿಗೆ ಜೋಡಿಯಾಗಿ ಕೊಡಬೇಡಿ; ಒಂದು ಪುಟ್ಟ ಮೀನಿನ ಮುಂದೆ ಹತ್ತು ನಿಮಿಷ ನಿಂತವರಿಗೆ ಹಿಂದಿರುವ ಜೊತೆಗಾರನ ನೆನಪು ಇರುವುದಿಲ್ಲ.

ಗಾಳಿಯ ಲೆಕ್ಕವನ್ನು ಪ್ರತಿಯೊಬ್ಬರೂ ಕಾಗದದ ಮೇಲೆ ಮಾಡಿಕೊಂಡು ಬರಲಿ. ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಸುಮಾರು ಒಂದು ಬಾರ್ ಏರುವುದರಿಂದ 20 ಮೀಟರ್ ಆಳದಲ್ಲಿ ಅದು ಮೇಲ್ಮೈಯ ಮೂರು ಪಟ್ಟು ಇರುತ್ತದೆ, ಗಾಳಿಯೂ ಮೂರು ಪಟ್ಟು ಖರ್ಚಾಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಇದ್ದರೆ ಒಟ್ಟು 2400 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಅಂದರೆ 600 ಲೀಟರ್ ಮುಟ್ಟಬಾರದ ಮೀಸಲು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಆ ಆಳದಲ್ಲಿ 60 ಲೀಟರ್ ಬೇಕಾಗುತ್ತದೆ, ಉಳಿದ 1800 ಲೀಟರ್ 30 ನಿಮಿಷಕ್ಕೆ ಸಾಲುತ್ತದೆ. ಈ 30 ನಿಮಿಷದಲ್ಲಿ ಇಳಿಯುವ ಹೊತ್ತೂ ಮರಳಿ ಬರುವ ಹೊತ್ತೂ ಸೇರಿರುತ್ತದೆ, ಸೆಳೆತಕ್ಕೆದುರಾಗಿ ಈಜಿದರೆ ಲೆಕ್ಕ ಇನ್ನಷ್ಟು ಕುಗ್ಗುತ್ತದೆ. ನೈಟ್ರಾಕ್ಸ್, ಅಂದರೆ ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ ಬಳಸುವವರು ಸಿಲಿಂಡರಿನಲ್ಲಿರುವ ಆಮ್ಲಜನಕದ ಪ್ರಮಾಣವನ್ನು ತಮ್ಮ ಕೈಯಾರೆ ಅಳೆದು ಚೀಟಿ ಅಂಟಿಸಬೇಕು. ಶೇಕಡಾ 32ರ ಮಿಶ್ರಣಕ್ಕೆ, ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ಮೀರಬಾರದೆಂಬ ಮಿತಿಯ ಪ್ರಕಾರ ಗರಿಷ್ಠ ಆಳ ಸುಮಾರು 33 ಮೀಟರ್.

ಸಲಕರಣೆಗಳನ್ನು ಪ್ರವಾಸಕ್ಕೆ ಒಂದು ವಾರ ಮೊದಲೇ ಜೋಡಿಸಿ ನೋಡಬೇಕು, ಏಕೆಂದರೆ ಹಿಂದಿನ ರಾತ್ರಿ ಕಂಡ ದೋಷಕ್ಕೆ ಪರಿಹಾರ ಸಿಗುವುದಿಲ್ಲ. ಸಿಲಿಂಡರಿನ ವಾಲ್ವ್ ಬಾಯಲ್ಲಿ ಕೂರುವ ಬಳೆಯಾಕಾರದ ಓ-ರಿಂಗನ್ನು ಬೆಳಕಿಗೆ ಹಿಡಿದು ನೋಡಿ: ಅಂಚು ಚಪ್ಪಟೆಯಾಗಿದ್ದರೆ, ಉಗುರು ತಾಗಿಸಿದಾಗ ಸಣ್ಣ ಬಿರುಕು ಸಿಕ್ಕಿದರೆ ಅಲ್ಲೇ ಬದಲಾಯಿಸಿ. ಹಾಗೆಯೇ ಬಿಟ್ಟರೆ ವಾಲ್ವ್ ತೆರೆದೊಡನೆ ಹಾವು ಬುಸುಗುಟ್ಟಿದಂತೆ ಗಾಳಿ ಸೋರತೊಡಗುತ್ತದೆ. ಒಂದು ಡಬ್ಬಿಯಲ್ಲಿ ಹೆಚ್ಚುವರಿ ಓ-ರಿಂಗ್‌ಗಳು, ಮಾಸ್ಕ್ ಮತ್ತು ಫಿನ್ ಪಟ್ಟಿಗಳು, ಬಾಯಿಗಿಡುವ ರಬ್ಬರ್ ತುಂಡು, ಕೇಬಲ್ ಟೈ ಇಟ್ಟುಕೊಂಡರೆ ದೋಣಿಯ ಮೇಲಿನ ಹೆಚ್ಚಿನ ಸಣ್ಣಪುಟ್ಟ ಸಮಸ್ಯೆಗಳು ತೀರುತ್ತವೆ. ವಾಹನದಲ್ಲಿ ಸಿಲಿಂಡರ್‌ಗಳನ್ನು ಉರುಳದಂತೆ ಬಿಗಿಯಾಗಿ ಕಟ್ಟಬೇಕು, ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬಾರದು.

ಈಜುಕೊಳದಲ್ಲಿ ಕಲಿತವರು ಕಡಲಿನಲ್ಲಿ ಮೊದಲು ಎಡವುವುದು ಮುಳುಗಲು ಬೆಲ್ಟಿಗೆ ಕಟ್ಟುವ ಸೀಸದ ತೂಕದ ವಿಷಯದಲ್ಲಿ. ಕಡಲನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಸಾಂದ್ರವಾದ್ದರಿಂದ, ಸಲಕರಣೆಯೂ ಸೇರಿ 100 ಕೆ.ಜಿ. ತೂಗುವ ಡೈವರ್‌ಗೆ ಸುಮಾರು ಎರಡೂವರೆ ಕೆ.ಜಿ. ಹೆಚ್ಚು ತೂಕ ಬೇಕಾಗುತ್ತದೆ. ಇದಲ್ಲದೆ ತುಂಬಿದ ಸಿಲಿಂಡರಿನೊಳಗಿನ ಗಾಳಿಯೇ ಸುಮಾರು 3 ಕೆ.ಜಿ. ತೂಗುತ್ತದೆ, ಡೈವಿನ ಕೊನೆಯಲ್ಲಿ ಅದರ ಬಹುಪಾಲು ಖಾಲಿಯಾಗಿ, ಏರುವಾಗ 5 ಮೀಟರಿನ ನಿಲುಗಡೆಯಲ್ಲಿ ನಿಲ್ಲಲಾಗದೆ ಮೇಲೆ ತೇಲಿಹೋಗುವವರು ಆರಂಭದಲ್ಲಿ ತೂಕವನ್ನು ಸರಿಯಾಗಿ ನೋಡಿಕೊಂಡಿರುವುದಿಲ್ಲ. ಹಾಗೆಂದು ಬೆಲ್ಟಿಗೆ ಸೀಸ ತುಂಬುತ್ತಾ ಹೋಗುವುದೂ ತಪ್ಪು. ಮೊದಲ ಡೈವ್ ಮುಗಿದು ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ತೇಲುಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯ ಉಸಿರು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಆ ತೂಕವನ್ನು ಬರೆದಿಟ್ಟುಕೊಂಡರೆ ಮರುದಿನಕ್ಕೆ ಚಿಂತೆಯಿಲ್ಲ.

ದೋಣಿಯ ಮೇಲೆ ಅತ್ಯಂತ ಮುಖ್ಯವಾದ ವಸ್ತುವೆಂದರೆ ದಾಖಲೆಯ ಹಲಗೆ. ಹೆಸರು, ಜೋಡಿ, ಇಳಿದ ಸಮಯ, ಇಳಿದಾಗಿನ ಒತ್ತಡ, ಮೇಲೆ ಬಂದ ಸಮಯ, ಉಳಿದ ಒತ್ತಡ, ತಲುಪಿದ ಆಳ ಇಷ್ಟಕ್ಕೂ ಗೆರೆ ಎಳೆದ ಅಂಕಣಗಳಿರಲಿ. ನೀರಿಗಿಳಿಯದ ಒಬ್ಬರು ಅದನ್ನು ಪೆನ್ಸಿಲಿನಲ್ಲಿ ತುಂಬಲಿ, ಒದ್ದೆ ಕೈಗೆ ಶಾಯಿ ಉಳಿಯುವುದಿಲ್ಲ. ದೋಣಿ ಜಾಗ ಬಿಡುವ ಮೊದಲು ತಲೆ ಎಣಿಸಿದರೆ ಸಾಲದು. ಒಬ್ಬೊಬ್ಬರ ಹೆಸರನ್ನೂ ಕೂಗಿ, ಅವರವರೇ ಓಗೊಡುವುದನ್ನು ಕೇಳಿ, ಮುಖ ನೋಡಿ ಗುರುತು ಹಾಕಬೇಕು. ಜೊತೆಗಾರನ ಪರವಾಗಿ ‘ಇದ್ದಾನೆ’ ಎಂದವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಇಳಿಯುವ ಮುನ್ನಿನ ವಿವರಣೆ ಚಿಕ್ಕದಾಗಿರಲಿ, ಆದರೆ ಈ ಕೆಲವು ಮಾತುಗಳು ಬಿಟ್ಟುಹೋಗದಿರಲಿ: ಗರಿಷ್ಠ ಆಳ ಮತ್ತು ಸಮಯ ಎಷ್ಟು, ಸೆಳೆತ ಯಾವ ದಿಕ್ಕಿಗಿದೆ, ಎಷ್ಟು ಬಾರ್ ಉಳಿದಾಗ ಮರಳಬೇಕು. ಜೋಡಿ ತಪ್ಪಿದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ಇಬ್ಬರೂ ಮೇಲೆ ಬರಬೇಕು. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು, 5 ಮೀಟರಿನಲ್ಲಿ 3 ನಿಮಿಷ ನಿಂತು, ಮೇಲ್ಮೈಗೆ ಬರುವ ಮೊದಲು ಗುರುತಿನ ತೇಲುಬುರುಡೆಯನ್ನು ಬಿಡಬೇಕು. ವಿವರಣೆ ಮುಗಿದ ಮೇಲೆ ಪ್ರತಿ ಜೋಡಿಯೂ ಪರಸ್ಪರರ ಜಾಕೆಟ್, ತೂಕ, ಬಕಲ್, ಗಾಳಿಗಳನ್ನು ಮುಟ್ಟಿ ಪರೀಕ್ಷಿಸಲಿ. ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ತಿಳಿಯಲು ರೆಗ್ಯುಲೇಟರಿನಲ್ಲಿ ನಾಲ್ಕು ಬಾರಿ ಉಸಿರೆಳೆಯುತ್ತಾ ಒತ್ತಡದ ಮುಳ್ಳನ್ನು ನೋಡಬೇಕು. ಮುಳ್ಳು ಪ್ರತಿ ಉಸಿರಿಗೂ ಕೆಳಗಿಳಿದು ಮತ್ತೆ ಏರುತ್ತಿದ್ದರೆ ವಾಲ್ವ್ ಅರೆ ಮುಚ್ಚಿದೆ ಎಂದು ಅರ್ಥ.

ಆಮ್ಲಜನಕದ ಕಿಟ್ ಇಲ್ಲದ ದೋಣಿಯನ್ನು ಒಪ್ಪಿಕೊಳ್ಳಬಾರದು, ಎಷ್ಟೇ ಅಗ್ಗಕ್ಕೆ ಸಿಕ್ಕರೂ. ಒತ್ತಡದ ಕಾಯಿಲೆಗೆ ಅಧಿಕ ಗಾಳಿಯೊತ್ತಡದಲ್ಲಿ ಚಿಕಿತ್ಸೆ ಕೊಡುವ ಹತ್ತಿರದ ಕೊಠಡಿ ಎಲ್ಲಿದೆ, ಅಲ್ಲಿಗೆ ತಲುಪುವ ದಾರಿ ಯಾವುದು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ದೋಣಿಯಲ್ಲೂ ವಸತಿಯಲ್ಲೂ ಇಡಬೇಕು. ಡೈವಿನ ನಂತರ ಕೀಲುನೋವು, ಜೋಮು, ಚರ್ಮದ ಮೇಲೆ ಕಲೆ, ತಲೆಸುತ್ತು, ಕಾರಣವಿಲ್ಲದ ಸುಸ್ತು ಕಂಡುಬಂದರೆ ಅವರನ್ನು ಮಲಗಿಸಿ, ಶುದ್ಧ ಆಮ್ಲಜನಕ ಕೊಟ್ಟು, ತಡಮಾಡದೆ ವೈದ್ಯರನ್ನು ಸಂಪರ್ಕಿಸಬೇಕು; ಮತ್ತೆ ನೀರಿಗಿಳಿಸಿ ಸರಿಪಡಿಸುವ ಯತ್ನ ಸಲ್ಲದು. ಇಂಥ ಲಕ್ಷಣಗಳನ್ನು ‘ನಿನ್ನೆ ಸಿಲಿಂಡರ್ ಹೊತ್ತದ್ದಕ್ಕೆ ಹೀಗಾಗಿದೆ’ ಎಂದು ತಳ್ಳಿಹಾಕುವವರೇ ಹೆಚ್ಚು. ಶನಿವಾರ ಸಂಜೆ ಎಲ್ಲರೂ ಧಾರಾಳವಾಗಿ ನೀರು ಕುಡಿಯಲಿ, ಮದ್ಯವನ್ನು ದೂರವಿಡಲಿ.

ಕೊನೆಯ ಡೈವಿನ ಬಳಿಕ ರೆಗ್ಯುಲೇಟರಿನ ಧೂಳುಮುಚ್ಚಳವನ್ನು ಒರೆಸಿ ಹಾಕಿದ ಮೇಲೆಯೇ ಸಿಹಿನೀರಿನಲ್ಲಿ ನೆನೆಸಬೇಕು, ಮತ್ತು ಆಗ ಪರ್ಜ್ ಗುಂಡಿಯನ್ನು (ಬಾಯಿಯ ತುದಿಯಲ್ಲಿ ಗಾಳಿ ಹೊರಬಿಡುವ ಗುಂಡಿ) ಒತ್ತಬಾರದು, ಒತ್ತಿದರೆ ನೀರು ಕೊಳವೆಯೊಳಗೆ ಸೇರುತ್ತದೆ. ತೇಲುಜಾಕೆಟ್ಟಿನ ಒಳಗೂ ಸಿಹಿನೀರು ಹಾಕಿ ಕುಲುಕಿ ಚೆಲ್ಲಬೇಕು. ದೋಷ ಕಂಡ ಸಲಕರಣೆಗೆ ಅಲ್ಲೇ ಬಣ್ಣದ ಪಟ್ಟಿ ಕಟ್ಟಿದರೆ ಮುಂದಿನ ಪ್ರವಾಸಕ್ಕೆ ಅದೇ ಮತ್ತೆ ಹೊರಡುವುದಿಲ್ಲ. ಒತ್ತಡದ ಕಾಯಿಲೆಯ ಲಕ್ಷಣಗಳು ಬಹುತೇಕ ಮೊದಲ 24 ಗಂಟೆಗಳಲ್ಲೇ ತಲೆದೋರುವುದರಿಂದ, ಸಂಚಾಲಕರು ಸೋಮವಾರ ಬೆಳಿಗ್ಗೆ ದಾಖಲೆಯ ಹಲಗೆಯಲ್ಲಿರುವ ಎಲ್ಲರಿಗೂ ಸಂದೇಶ ಕಳುಹಿಸಿ, ಉತ್ತರ ಬರದವರಿಗೆ ಫೋನ್ ಮಾಡಿ ವಿಚಾರಿಸಬೇಕು.