ಶೆರಿಫ್ ಅಂದರೆ ನಾಡಗೌಡ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕುಪರ್ಟಿನೋಗೆ ಹೊಸದಾಗಿ ಬಂದ ಕನ್ನಡದವರು ಸ್ವಲ್ಪ ದಿನಕ್ಕೇ ಕೇಳುವ ಪ್ರಶ್ನೆ ಇದು: "ಇಲ್ಲಿನ ಗಾಡಿಗಳ ಮೇಲೆ ಪೊಲೀಸ್ ಅಂತ ಯಾಕೆ ಬರೆದಿಲ್ಲ? ಶೆರಿಫ್ ಅಂದರೆ ಯಾರು?" ಪದದ ಹುಟ್ಟು ಗೊತ್ತಾದರೆ ಈ ಊರಿನ ವ್ಯವಸ್ಥೆಯೂ ಅರ್ಥವಾಗುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೆಸರು ಕೇಳಿದ ತಕ್ಷಣ ನಮಗೆ ಶಿಶುನಾಳ ಶರೀಫರು ನೆನಪಾಗುತ್ತಾರೆ, ಅಲ್ವಾ? ಆ ಶರೀಫ್ ಅರಬ್ಬಿ ಪದ. ದೊಡ್ಡ ಮನೆತನದವನು, ಗೌರವಸ್ಥ ಅಂತ ಅರ್ಥ. ಈ ಶೆರಿಫ್‌ಗೂ ಅದಕ್ಕೂ ನಂಟಿಲ್ಲ. ಇದು ಹಳೆಯ ಇಂಗ್ಲಿಷಿನ ಎರಡು ಪದ ಬೆಸೆದು ಆದದ್ದು. ಒಂದು 'ಶೈರ್', ಅಂದರೆ ನಾಡು. ಯಾರ್ಕ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಹೆಸರುಗಳ ಕೊನೆಯಲ್ಲಿ ಇರುವುದು ಅದೇ. ಇನ್ನೊಂದು 'ರೀವ್', ಅಂದರೆ ಒಡೆಯನ ಪರವಾಗಿ ಊರು ನೋಡಿಕೊಳ್ಳುವವನು. ಶೈರ್ ರೀವ್ ಅನ್ನುವುದು ಬಾಯಿಂದ ಬಾಯಿಗೆ ಸವೆದು ಶೆರಿಫ್ ಆಯಿತು. ನಮ್ಮಲ್ಲಿ ನಾಡು, ಗೌಡ ಸೇರಿ ನಾಡಗೌಡ ಆದ ಹಾಗೆಯೇ. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಅದು ಅಡ್ಡಹೆಸರಾಗಿ ಉಳಿದಿದೆ. ಆ ಹೆಸರಿನವರು ನಿಮ್ಮ ಪರಿಚಯದಲ್ಲಿದ್ದರೆ ಶೆರಿಫ್ ಪದ ಮರೆಯುವುದೇ ಇಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆಲ್ಲುವುದಕ್ಕೂ ಮೊದಲೇ ಈ ಹುದ್ದೆ ಇತ್ತು. ಅರಸನಿಗೆ ಸಲ್ಲಬೇಕಾದ ಹಣ ವಸೂಲಿ ಮಾಡುವುದು, ನ್ಯಾಯದ ಸಭೆ ನಡೆಸುವುದು, ಕಳ್ಳರನ್ನು ಹಿಡಿಯಲು ಜನ ಸೇರಿಸುವುದು ಅವನ ಕೆಲಸ. ಅಷ್ಟು ಅಧಿಕಾರ ಒಬ್ಬನ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ನಮಗೂ ಗೊತ್ತು. ಅರಸನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಒಪ್ಪಂದ ಮ್ಯಾಗ್ನಾ ಕಾರ್ಟಾದಲ್ಲಿ ಶೆರಿಫ್‌ಗೆ ಕಡಿವಾಣ ಹಾಕುವ ಮಾತು ಮತ್ತೆ ಮತ್ತೆ ಬರುತ್ತದೆ. ಸ್ವತಂತ್ರ ಮನುಷ್ಯನ ಕುದುರೆ, ಗಾಡಿಯನ್ನು ಅವನ ಒಪ್ಪಿಗೆ ಇಲ್ಲದೆ ಶೆರಿಫ್ ಸಾಗಣೆಗೆ ಬಳಸುವಂತಿಲ್ಲ ಅಂತ ಒಂದು ಕಲಮೇ ಇದೆ. ಅದನ್ನು ಓದಿದಾಗ ನನಗೆ ಆ ಕಾಲದ ರೈತನ ಕಷ್ಟ ಕಣ್ಣ ಮುಂದೆ ಬಂತು. ರಾಬಿನ್ ಹುಡ್ ಕಥೆಯಲ್ಲಿ ನಾಟಿಂಗ್‌ಹ್ಯಾಮ್ ಶೆರಿಫ್ ಖಳನಾಗಿದ್ದು ಸುಮ್ನೆ ಅಲ್ಲ.

ಪದ ಹಡಗು ಹತ್ತಿ ಹೋದಲ್ಲೆಲ್ಲ ಬೇರೆ ಬೇರೆ ವೇಷ ತೊಟ್ಟಿತು. ಸ್ಕಾಟ್ಲೆಂಡಿನಲ್ಲಿ ಶೆರಿಫ್ ಅಂದರೆ ನ್ಯಾಯಾಧೀಶ. ಇಂಗ್ಲೆಂಡಿನಲ್ಲಿ ಈಗ ಒಂದು ವರ್ಷದ ಮರ್ಯಾದೆಯ ಹುದ್ದೆ. ಮುಂಬೈಯಲ್ಲೂ ಹಾಗೇ, ಸುನಿಲ್ ಗವಾಸ್ಕರ್ ಅಲ್ಲಿ ಶೆರಿಫ್ ಆಗಿದ್ದರು. ಅಮೆರಿಕಕ್ಕೆ ಬಂದಾಗ ಮಾತ್ರ ದೊಡ್ಡ ಬದಲಾವಣೆ ಆಯಿತು. ಅರಸ ನೇಮಿಸುತ್ತಿದ್ದವನನ್ನು ಇಲ್ಲಿನ ಬಹುತೇಕ ರಾಜ್ಯಗಳಲ್ಲಿ ಜನರೇ ಮತ ಹಾಕಿ ಆರಿಸುತ್ತಾರೆ. ನನಗೆ ಈ ಪದದ ಕಥೆಯಲ್ಲಿ ತುಂಬಾ ಇಷ್ಟವಾದ ತಿರುವು ಇದು. ಆದರೆ ಒಂದು ಎಚ್ಚರ: ಪೌರತ್ವ ಸಿಗುವ ತನಕ ಆ ಮತ ನಿಮ್ಮದಲ್ಲ. ಗ್ರೀನ್ ಕಾರ್ಡ್ ಇದ್ದರೂ ಅಲ್ಲ. ಯಾರಾದರೂ ಮತದಾರರ ಅರ್ಜಿ ಕೈಗಿಟ್ಟರೆ ತುಂಬಬೇಡಿ.

ಶೆರಿಫ್ ಇಡೀ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶಕ್ಕೆ, ಒಬ್ಬರೇ. ಗಾಡಿಯಲ್ಲಿ ಬರುವವರು ಅವರ ಡೆಪ್ಯುಟಿಗಳು, ಅಂದರೆ ಕೈಕೆಳಗಿನ ಅಧಿಕಾರಿಗಳು. ಕೌಂಟಿಯ ಜೈಲು, ಕೋರ್ಟಿನ ಕಾವಲು, ನಗರಸಭೆ ಇಲ್ಲದ ಜಾಗಗಳ ಗಸ್ತು ಇವರದ್ದು. ಸ್ಯಾನ್ ಹೋಸೆಗೆ ತನ್ನದೇ ಪೊಲೀಸ್ ಇದೆ. ಆದರೆ ಕುಪರ್ಟಿನೋ, ಸಾರಟೋಗದಂಥ ಊರುಗಳು ಸ್ವಂತ ಪೊಲೀಸ್ ಇಟ್ಟುಕೊಳ್ಳದೆ ಸಾಂಟಾ ಕ್ಲಾರಾ ಕೌಂಟಿ ಶೆರಿಫ್ ಜೊತೆ ಒಪ್ಪಂದ ಮಾಡಿಕೊಂಡಿವೆ. ಆಪತ್ತಿನಲ್ಲಿ ಯಾರ ಸರಹದ್ದು ಅಂತ ನೀವು ಯೋಚಿಸಬೇಕಿಲ್ಲ. 911ಕ್ಕೆ ಫೋನ್ ಮಾಡಿ, ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ.

ರಸ್ತೆಯಲ್ಲಿ ಹಿಂದಿನಿಂದ ದೀಪ ಮಿನುಗಿದರೆ ಬಲಕ್ಕೆ ನಿಲ್ಲಿಸಿ, ಕಾರಿನಲ್ಲೇ ಕೂತಿರಿ. ಕೈ ಸ್ಟಿಯರಿಂಗ್ ಮೇಲಿರಲಿ. ನಮ್ಮ ಊರಲ್ಲಿ ಇಳಿದು ಹೋಗಿ ಮಾತಾಡುವುದು ವಾಡಿಕೆ. ಮೊದಲ ವರ್ಷ ನಾನೂ ಹಾಗೆ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟೆ. "ಒಳಗೇ ಇರಿ" ಅಂತ ಕೂಗಿದ ಆ ದನಿ ಇನ್ನೂ ಕಿವಿಯಲ್ಲಿದೆ. ಇಲ್ಲಿ ಇಳಿದು ಬರುವುದನ್ನು ಅಪಾಯದ ಸೂಚನೆ ಅಂತ ನೋಡುತ್ತಾರೆ. ಲೈಸೆನ್ಸ್ ಕೇಳಿದ ಮೇಲೆ, "ಬ್ಯಾಗಿನಲ್ಲಿದೆ, ತೆಗೆಯುತ್ತೇನೆ" ಅಂತ ಹೇಳಿಯೇ ಕೈ ಹಾಕಿ.

ಮನೆ ಬಾಗಿಲಿಗೆ ಡೆಪ್ಯುಟಿ ಬಂದರೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಕೋರ್ಟಿನ ಕಾಗದ ತಲುಪಿಸುವುದೂ ಅವರ ಕೆಲಸವೇ. ಕಾಗದ ಬಂದ ಮಾತ್ರಕ್ಕೆ ನೀವು ತಪ್ಪು ಮಾಡಿದ್ದೀರಿ ಅಂತಲ್ಲ. ತೆಗೆದುಕೊಳ್ಳಿ, ತಾರೀಖು ನೋಡಿ, ಸುಮ್ನೆ ಒಳಗಿಟ್ಟು ಮರೆಯಬೇಡಿ.

ಇನ್ನು ಫೋನ್. "ಶೆರಿಫ್ ಆಫೀಸಿನಿಂದ ಮಾತಾಡುತ್ತಿದ್ದೇನೆ, ಜ್ಯೂರಿಗೆ ಬರಲಿಲ್ಲ, ವಾರಂಟ್ ಇದೆ, ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ" ಅಂದರೆ ಅದು ಮೋಸ. ನಿಜವಾದ ಶೆರಿಫ್ ಹೀಗೆ ಫೋನಿನಲ್ಲಿ ಹಣ ಕೇಳುವುದಿಲ್ಲ. ಜೊತೆಗೆ, ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು; ಪೌರರಲ್ಲದವರು ಅದರಲ್ಲಿ ಕೂರುವಂತೆಯೇ ಇಲ್ಲ. ಊರಿಂದ ಬಂದಿರುವ ಅಪ್ಪ ಅಮ್ಮನಿಗೂ ಇವತ್ತೇ ಇದನ್ನು ಹೇಳಿಡಿ. ಹಗಲು ಹೊತ್ತು ಮನೆಯಲ್ಲಿ ಫೋನ್ ಎತ್ತುವವರು ಜಾಸ್ತಿ ಅವರೇ.