ಗದಗಿನಿಂದ ಜರ್ಮನಿಗೆ ಸೈಕಾಲಜಿ ಎಂಎಸ್ಸಿ: ಅಪ್ಲಿಕೇಶನ್ ನಾ ಹೆಂಗ ಮಾಡಿದೆ

ಭಾಳ ಮಂದಿ ಕೇಳ್ತಿರ್ತಾರ, ಸೈಕಾಲಜಿ ಓದಾಕ ಹೊರದೇಶಕ್ಕ ಹೋಗಬೇಕಂದ್ರ ಜಿಆರ್‌ಇ ಅನ್ನೋ ಎಂಟ್ರೆನ್ಸ್ ಪರೀಕ್ಷೆ ಬೇಕೇನು, ಎಷ್ಟ್ ಪರ್ಸೆಂಟ್ ಆಗಿರಬೇಕು ಅಂತ. ನನಗ ಅಡ್ಡ ಬಂದಿದ್ದು ಅವೆರಡೂ ಅಲ್ರಿ. ಮೊದಲನೇ ವರ್ಷ ಜರ್ಮನಿಯ ಮೂರು ಯೂನಿವರ್ಸಿಟಿಗೆ ಹಾಕಿದ್ದೆ, ಮೂರೂ ಕಡೆಯಿಂದ ಒಂದ ಉತ್ತರ ಬಂತು: ನಿಮ್ಮ ಬ್ಯಾಚುಲರ್ ಡಿಗ್ರಿಯೊಳಗ ಸೈಕಾಲಜಿ ಸಾಲಂಗಿಲ್ಲ.

ನಾ ಗದಗಿನಾಕಿ, ಧಾರವಾಡದಾಗ ಸಪ್ತಾಪುರದ ಪಿಜಿಯೊಳಗ ಇದ್ದು ಬಿಎ ಮಾಡಿದೆ, ಸೈಕಾಲಜಿ ಸೋಶಿಯಾಲಜಿ ಕನ್ನಡ ಅಂತ ಮೂರು ಆಪ್ಷನಲ್, ಕನ್ನಡ ಮೀಡಿಯಂ, ಆಮ್ಯಾಲೆ ಎಂಎ ಸೈಕಾಲಜಿ. ಅಲ್ಲಿಯವರು ಲೆಕ್ಕ ಹಾಕೋದು ಇಸಿಟಿಎಸ್ ಅನ್ನೋ ಯುರೋಪಿನ ಕ್ರೆಡಿಟ್ ಮ್ಯಾಲೆ. ಮೂರು ವರ್ಷದ ಬ್ಯಾಚುಲರ್ ಅಂದ್ರ 180 ಕ್ರೆಡಿಟ್, ಅದರಾಗ ಸೈಕಾಲಜಿದು ಇಷ್ಟಿರಬೇಕು, ಸ್ಟ್ಯಾಟಿಸ್ಟಿಕ್ಸ್ ಮತ್ತ ರಿಸರ್ಚ್ ಮೆಥಡ್ಸ್ ಇಷ್ಟಿರಬೇಕು ಅಂತ ಪ್ರತಿ ಕೋರ್ಸಿಗೂ ಬ್ಯಾರೆ ಬ್ಯಾರೆ ನಿಯಮ. ಮೂರು ಆಪ್ಷನಲ್ ಓದಿದವರಿಗೆ ಸೈಕಾಲಜಿ ಪಾಲಿಗೆ ಬರೋದು ಮೂರನೇ ಒಂದು ಭಾಗನೂ ಅಲ್ಲ, ಯಾಕಂದ್ರ ಭಾಷಾ ಪೇಪರ್ ಬ್ಯಾರೆ ಇರ್ತಾವಲ್ಲ. ಮ್ಯಾಲೆ ನಮ್ಮ ಮಾರ್ಕ್ಸ್ ಕಾರ್ಡಿನ್ಯಾಗ 'ಸೈಕಾಲಜಿ ಪೇಪರ್ 3, 71' ಅಂತ ಅಷ್ಟ ಇರ್ತದ. ಆ ಪೇಪರಿನ್ಯಾಗ ಸ್ಟ್ಯಾಟಿಸ್ಟಿಕ್ಸ್ ಕಲಿತೀನೋ ಕನಸಿನ ಬಗ್ಗೆ ಓದೀನೋ ಅಲ್ಲಿ ಕುಂತವರಿಗೆ ಹೆಂಗ ಗೊತ್ತಾಗಬೇಕು?

ಎರಡನೇ ಸಲ ನಾ ಮಾಡಿದ್ದು ಇಷ್ಟ. ಒಂದು ಕ್ರೆಡಿಟ್ ಅಂದ್ರ 25ರಿಂದ 30 ತಾಸಿನ ಓದು, ಕ್ಲಾಸಷ್ಟ ಅಲ್ಲ, ಮನ್ಯಾಗ ಓದಿದ್ದು, ಪ್ರಾಕ್ಟಿಕಲ್, ಪರೀಕ್ಷಾ ತಯಾರಿ ಎಲ್ಲಾ ಸೇರಿ. ಅದಕ್ಕ ಬಿಎ ಎಂಎ ಎರಡರದೂ ಸಿಲಬಸ್ ತಗಸಿ, ಯೂನಿಟ್ ಯೂನಿಟ್ ಹಿಡದು ತಾಸು ಲೆಕ್ಕಾ ಹಾಕಿದೆ. ಬಿಎ ಪ್ರಾಕ್ಟಿಕಲ್ ಜರ್ನಲ್ ಗದಗಿನ ಮನ್ಯಾಗ ಅಟ್ಟದ ಮ್ಯಾಲೆ ಇದ್ದವು, ಅವ್ವ ರದ್ದಿಗೆ ಹಾಕಿದ್ದಿಲ್ಲ, ಪುಣ್ಯಾ. ಧೂಳಾ ಝಾಡಿಸಿ ತಗದು ನೋಡಿದ್ರ ಒಂದೇ ಉದ್ದದ ಎರಡು ಗೆರಿ ಬ್ಯಾರೆ ಬ್ಯಾರೆ ಉದ್ದ ಕಾಣೋ ಮ್ಯೂಲರ್ ಲಯರ್ ಇಲ್ಯೂಷನ್, ಕನ್ನಡಿಯೊಳಗ ನೋಡಿ ನಕ್ಷತ್ರದ ಗೆರಿ ಎಳಿಯೋ ಮಿರರ್ ಡ್ರಾಯಿಂಗ್, ಪ್ರತಿಯೊಂದರ ಕೆಳಗ ಟೇಬಲ್, ಸರಾಸರಿ, ಸ್ಟ್ಯಾಂಡರ್ಡ್ ಡಿವಿಯೇಷನ್, ಗ್ರಾಫ್, ಕೈಲೆ ಬರದಿದ್ದು. ಇದೇ ಅಲ್ಲೇನು ಅವರು ಕೇಳೋ ಎಕ್ಸ್‌ಪೆರಿಮೆಂಟಲ್ ಮೆಥಡ್ಸ್! ನಾವು ಮಾಡಿರ್ತೀವಿ, ಕಾಗದದ ಮ್ಯಾಲೆ ತೋರಿಸಿರಂಗಿಲ್ಲ. ಹನ್ನೊಂದು ದಿನ ಕುಂತು 34 ಪೇಜಿನ ಒಂದು ಪಟ್ಟಿ ಮಾಡಿದೆ, ಎಡಕ್ಕ ನಮ್ಮ ಪೇಪರ್, ಬಲಕ್ಕ ಅವರು ಕೇಳಿದ ವಿಷಯ, ನಡುವ ತಾಸು, ಡಿಪಾರ್ಟ್‌ಮೆಂಟಿನ ಹೆಡ್ ಮೇಡಂ ಪೇಜಿಗೊಂದು ಸಹಿ ಶಿಕ್ಕಾ ಹಾಕಿಕೊಟ್ರು. ಸುಳ್ಳು ತಾಸು ಒಂದೂ ಬರೀಬ್ಯಾಡ್ರಿ, ಸಿಲಬಸ್ ಜೊತಿ ಇಟ್ಟು ನೋಡೇ ನೋಡ್ತಾರ.

ಇನ್ನೊಂದು, ಎಂಎ ಪೇಪರಿನ ಕ್ರೆಡಿಟ್ ಕೆಲವರು ಹಿಡೀತಾರ, ಕೆಲವರು ಬಿಎ ಅಷ್ಟ ನೋಡ್ತಾರ. ರೊಕ್ಕಾ ಕಟ್ಟೋಕ್ಕಿಂತ ಮೊದಲ ಕೋರ್ಸಿನ ಕೋಆರ್ಡಿನೇಟರಿಗೆ ಮೇಲ್ ಹಾಕಿ ಕೇಳ್ರಿ. ಭಾಳ ಯೂನಿವರ್ಸಿಟಿಗಳ ಅಪ್ಲಿಕೇಶನ್ ತಗೊಳ್ಳೋ ಯೂನಿ ಅಸಿಸ್ಟ್ ಪೋರ್ಟಲ್ ಮ್ಯಾಲೆ ಹಾಕಿದ್ರ ಮೊದಲನೇದಕ್ಕ 75 ಯೂರೋ, ಮುಂದಿನ ಒಂದೊಂದಕ್ಕ 30. ಮಾರ್ಕ್ಸು ಅವರ ಅಳತಿಗೆ ಹೆಂಗ ಬರ್ತಾವಂದ್ರ, ಅಲ್ಲಿ 1 ಅಂದ್ರ ಎಲ್ಲಾಕ್ಕಿಂತ ಚೊಲೊ, 4 ಅಂದ್ರ ಬರೇ ಪಾಸ್. ನೂರರಾಗ ನಿಮ್ಮ ಪರ್ಸೆಂಟ್ ಕಳದು, ನೂರರಾಗ ಪಾಸ್ ಮಾರ್ಕ್ಸ್ ಕಳದಿದ್ದರಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿಸೋದು. ಪಾಸಿಗೆ 40 ಹಿಡದ್ರ ನನ್ನ 74 ಪರ್ಸೆಂಟಿಗೆ 2.3 ಬಂತು.

ಎಸ್‌ಒಪಿ, ಅಂದ್ರ ಈ ಕೋರ್ಸ್ ಯಾಕ ಓದಬೇಕು ಅಂತ ನಾವ ಬರಿಯೋ ಪತ್ರ, ಮೊದಲನೇ ವರ್ಷ 'ಸಣ್ಣಾಕಿ ಇದ್ದಾಗಿಂದ ಮಂದಿ ಮನಸ್ಸು ತಿಳಕೊಳ್ಳೋ ಆಸಕ್ತಿ' ಅಂತ ಶುರು ಮಾಡಿದ್ದೆ. ಎರಡನೇ ಸಲ ಅದನ್ನ ಪೂರಾ ಹರದು ಹಾಕಿ ಇಂಟರ್ನ್‌ಶಿಪ್ ಟೈಮಿನ್ಯಾಗ ಕಂಡ ಒಂದ ವಿಷಯ ಬರದೆ. ಪಿಎಚ್‌ಕ್ಯೂ 9 ಅಂತ ಡಿಪ್ರೆಶನ್ ಪ್ರಶ್ನಾವಳಿ ಐತಲ್ಲ, ಒಂಬತ್ತು ಪ್ರಶ್ನೆ, ಒಂದೊಂದಕ್ಕ ಸೊನ್ನೆಯಿಂದ ಮೂರು. ಒಬ್ಬ ವಯಸ್ಸಾದಾಕಿ ಅಮ್ಮಗ ಓದಿ ಹೇಳಾಕತ್ತಿದ್ದೆ. ಆಸಕ್ತಿ ಕಡಿಮಿ ಆಗೇತೇನು, ದುಃಖ ಆಗ್ತೈತೇನು ಅನ್ನೋ ಮೊದಲಿನ ಎರಡಕ್ಕೂ ಆಕಿ "ಇಲ್ಲ ಯವ್ವಾ, ದುಃಖ ಯಾಕ" ಅಂದ್ಲು, ಆಮ್ಯಾಲೆ ತಾನ ಎದಿ ಮ್ಯಾಲೆ ಕೈ ಇಟ್ಟು "ಇಲ್ಲಿ ಹಿಂಡಿದಂಗ ಆಗ್ತೈತಿ, ನೆತ್ತಿ ಸುಡ್ತೈತಿ, ರಾತ್ರಿ ಕಣ್ಣಿಗೆ ಕಣ್ಣು ಹತ್ತಂಗಿಲ್ಲ" ಅಂದ್ಲು. ಬರೇ ಆ ಎರಡು ಪ್ರಶ್ನೆ ಕೇಳಿ ಸ್ಕ್ರೀನಿಂಗ್ ಮುಗಿಸೋ ಪದ್ಧತಿ ಐತಿ, ಹಂಗ ಮಾಡಿದ್ರ ಆಕಿ ನಮ್ಮ ಲೆಕ್ಕಕ್ಕ ಬರ್ತಿದ್ದಿಲ್ಲ. ನಮ್ಮ ಕಡೆ ಮಂದಿ ಸಂಕಟಾನ ಮೈ ಮ್ಯಾಲೆ ಹೇಳ್ತಾರ, ಪ್ರಶ್ನಾವಳಿ ಅದನ್ನ ಹಿಡೀತದೋ ಇಲ್ಲೋ ಅನ್ನೋದ ನನ್ನ ಪ್ರಶ್ನೆ ಅಂತ ಬರದೆ. ಇಂಟರ್‌ವ್ಯೂದಾಗ ಇಪ್ಪತ್ತು ನಿಮಿಷ ಅದರ ಮ್ಯಾಲೆ ಮಾತು ನಡೀತು. ಕನ್ನಡ ಮೀಡಿಯಂ ಅಂತ ನಾ ಹೆದರಿದ್ದೆ, ಆದ್ರ ಆ ಅಮ್ಮನ ಮಾತು ತಿಳಿಯಾಕ ನನಗ ಆ ಕನ್ನಡನ ಬೇಕಾಗಿತ್ತು. ಇಂಗ್ಲಿಷ್ ಮೀಡಿಯಂ ಸರ್ಟಿಫಿಕೇಟ್ ಹೆಂಗೂ ಸಿಗಂಗಿಲ್ಲ, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರದೆ, 7 ಬಂತು.

ಎಲ್‌ಒಆರ್, ಅಂದ್ರ ಕಲಿಸಿದವರು ಕೊಡೋ ಶಿಫಾರಸು ಪತ್ರದ ಬಗ್ಗೆ. ನನ್ನ ಸರ್ ಲೆಟರ್‌ಹೆಡ್ ಮ್ಯಾಲೆ ಪೆನ್ನಿಲೆ ಚಂದಾಗಿ ಬರದು ಕವರ್ ಕೊಟ್ಟಿದ್ರು. ಒಂದು ಪೋರ್ಟಲ್ ಅವರ ಕಾಲೇಜಿನ ಮೇಲ್ ಐಡಿ ಕೇಳ್ತು, ಅವರು ಅದನ್ನ ತಗದ ನೋಡಿದ್ದಿಲ್ಲ, ಲಿಂಕ್ ಸ್ಪ್ಯಾಮಿಗೆ ಹೋಗಿ ಕುಂತಿತ್ತು. ಕಡೀ ತಾರೀಖಿಗೆ ಎರಡ ದಿನ ಇದ್ದಾಗ "ಸರ್, ಮನಿಗೆ ಬರಲ್ರಿ?" ಅಂತ ಫೋನ್ ಮಾಡಿದೆ, "ಬಾರವಾ, ಚಾ ಕುಡಕೋಂತ ಮಾಡೂಣು" ಅಂದ್ರು. ಅವರು ಹೇಳಿದ ಪಾಸ್‌ವರ್ಡ್ ಹಾಕಿ ಮೇಲ್ ತಗದು ಕೊಟ್ಟು ನಾ ಹೊರಗ ಕಟ್ಟಿ ಮ್ಯಾಲೆ ಕುಂತೆ, ಅವರ ಬರದು ಅವರ ಕಳಿಸಿದ್ರು. ಲೆಟರ್ ನೀವ ಬರದು ಸಹಿ ಅಷ್ಟ ಮಾಡಸಬ್ಯಾಡ್ರಿ, ಎರಡು ತಿಂಗಳು ಮೊದಲ ಹೋಗಿ ಕೇಳ್ರಿ.

ವೀಸಾಕ್ಕ 11,904 ಯೂರೋ ಒಮ್ಮೆಲೆ ತಗಿಯಾಕ ಬಾರದ ಬ್ಲಾಕ್ಡ್ ಅಕೌಂಟಿನ್ಯಾಗ ಇಡಬೇಕಾತು, ತಿಂಗಳಿಗೆ 992 ಕೈಗೆ ಬರ್ತದ. ಅಪ್ಪ ಎಜುಕೇಶನ್ ಲೋನ್ ತಗದ್ರು. ಅಲ್ಲಿಯ ಇಂಗ್ಲಿಷ್ ಎಂಎಸ್ಸಿ ಬಹುತೇಕ ರಿಸರ್ಚ್ ಕಡೆಯದು, ಮಾಡಿದ ತಕ್ಷಣ ಥೆರಪಿಸ್ಟ್ ಆಗಂಗಿಲ್ಲ, ಅಲ್ಲಿ ಅದಕ್ಕ ಜರ್ಮನ್ ಭಾಷೆ ಮತ್ತ ಲೈಸೆನ್ಸ್ ಬೇಕು, ಇಲ್ಲಿ ವಾಪಸ್ ಬಂದು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಬೇಕಂದ್ರ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಶನ್ ಬೇಕು. ಅದನ್ನ ಮನ್ಯಾಗ ಮೊದಲ ಹೇಳಿ ಬಿಡ್ರಿ.

2022ರ ನವೆಂಬರಿಂದ ನಮ್ಮ ದೇಶದವರಿಗೆ ನಮ್ಮ ಡಿಗ್ರಿ ಕಾಗದ ಖರೆ ಅದಾವು ಅಂತ ಜರ್ಮನಿಯವರು ನೋಡಿ ಕೊಡೋ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ, ಎಲ್ಲಾಕ್ಕಿಂತ ಮೊದಲ ಅದಕ್ಕ ಹಾಕ್ರಿ. ಮತ್ತ ಇವತ್ತ ಒಂದು ಕೆಲಸ ಮಾಡ್ರಿ, ಎಸ್ಸೆಸ್ಸೆಲ್ಸಿಯಿಂದ ಎಂಎತನಕ ಎಲ್ಲಾ ಮಾರ್ಕ್ಸ್ ಕಾರ್ಡ್ ಪಾಸ್‌ಪೋರ್ಟ್ ಬಾಜೂಕ ಇಟ್ಟು ಹೆಸರಿನ ಸ್ಪೆಲ್ಲಿಂಗ್ ಒಂದೊಂದ ಅಕ್ಷರ ನೋಡ್ರಿ. ನನ್ನ ಹೆಸರಿನ್ಯಾಗ ಒಂದು ಎಚ್ ಬಿಟ್ಟಿತ್ತು, ತಿದ್ದಸಾಕ ಏಳು ವಾರ ಹಿಡೀತು.