ದತ್ತ, ಸಾಧನೀಯ, ರಚನೆ: ಒಂದು ಪ್ರೋಗ್ರಾಂ ಸರಿಯೆಂದು ಸಾಧಿಸಿದ ಅನುಭವ

ಪ್ರೌಢಶಾಲೆಯ ರೇಖಾಗಣಿತದಲ್ಲಿ ಪ್ರತಿ ಪ್ರಮೇಯವನ್ನೂ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಭಾಗ ಮಾಡಿ ಬರೆಯುತ್ತಿದ್ದೆವು. ಪ್ರೋಗ್ರಾಂ ಸರಿಯಾಗಿದೆ ಎಂಬುದನ್ನು ಪರೀಕ್ಷಿಸಿ ನೋಡುವ ಬದಲು ತರ್ಕದಿಂದಲೇ ಸಾಧಿಸುವ ಫಾರ್ಮಲ್ ವೆರಿಫಿಕೇಶನ್ ಕ್ಷೇತ್ರದಲ್ಲಿ ಸಂಶೋಧನೆಗೆ ತೊಡಗಿದಾಗ ನನಗೆ ಮೊದಲು ನೆರವಾದದ್ದು ಆ ಕ್ರಮವೇ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಮುಂದಿಟ್ಟ ತರ್ಕದಲ್ಲಿ ಪ್ರೋಗ್ರಾಂನ ಪ್ರತಿಯೊಂದು ತುಣುಕಿಗೂ ಮುಂಚೆ ಒಂದು, ನಂತರ ಒಂದು ಹೇಳಿಕೆ ಇರುತ್ತದೆ. ಮೊದಲನೆಯದು ದತ್ತ, ಎರಡನೆಯದು ಸಾಧನೀಯ. ಲೂಪ್ ಇದ್ದರೆ ಮೂರನೆಯದೊಂದು ಬೇಕು. ಎಷ್ಟು ಸುತ್ತು ತಿರುಗಿದರೂ ಪ್ರತಿ ಸುತ್ತಿನ ಆರಂಭದಲ್ಲಿ ನಿಜವಾಗಿಯೇ ಇರುವ ಆ ಹೇಳಿಕೆಯನ್ನು ಇನ್ವೇರಿಯಂಟ್ ಎನ್ನುತ್ತಾರೆ. ತ್ರಿಭುಜದಲ್ಲಿ ಇಲ್ಲದ ಗೆರೆಯೊಂದನ್ನು ನಾವೇ ಯೋಚಿಸಿ ಎಳೆಯಬೇಕಾಗಿದ್ದಂತೆ ಇದನ್ನೂ ನಾವೇ ಕಂಡುಕೊಳ್ಳಬೇಕು. ಹಾಗಾಗಿ ನನ್ನ ಟಿಪ್ಪಣಿಗಳಲ್ಲಿ ಇದಕ್ಕೆ ಇಂದಿಗೂ ರಚನೆ ಎಂದೇ ಹೆಸರು.

ನಾನು ಸಾಧಿಸಬೇಕಾಗಿದ್ದದ್ದು ಬೈನರಿ ಸರ್ಚ್. ಏರಿಕೆಯ ಕ್ರಮದಲ್ಲಿರುವ ಪಟ್ಟಿಯ ನಡುವಿನ ಸಂಖ್ಯೆಯನ್ನು ನೋಡಿ, ಬೇಕಾದದ್ದು ಅದಕ್ಕಿಂತ ಚಿಕ್ಕದಾದರೆ ಎಡಭಾಗವನ್ನು, ದೊಡ್ಡದಾದರೆ ಬಲಭಾಗವನ್ನು ಮಾತ್ರ ಉಳಿಸಿಕೊಳ್ಳುತ್ತಾ ಹೋಗುವ ಈ ವಿಧಾನ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಡ್ಯಾಫ್ನಿ ಎಂಬ ಭಾಷೆಯಲ್ಲಿ ಅದನ್ನು ಬರೆದೆ. ನಾವು ಬರೆದ ಹೇಳಿಕೆಗಳನ್ನು ಡ್ಯಾಫ್ನಿ ತಾರ್ಕಿಕ ಸೂತ್ರಗಳನ್ನಾಗಿ ಮಾಡಿ ಝೀ3 ಎಂಬ ಸಾಧಕ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಅದು ಒಪ್ಪದಿದ್ದರೆ ಯಾವ ಸಾಲಿನಲ್ಲಿ ಸಾಧನೆ ನಿಂತಿತು ಎಂದು ತೋರಿಸುತ್ತದೆ.

ಎಡ, ಬಲ ಎಂಬ ಎರಡು ಗಡಿಗಳು ಪಟ್ಟಿಯ ಮಿತಿಯೊಳಗೇ ಇರುತ್ತವೆ ಎಂಬುದಷ್ಟೇ ನನ್ನ ಮೊದಲ ಇನ್ವೇರಿಯಂಟ್ ಆಗಿತ್ತು. ಅದು ಸಾಲಲಿಲ್ಲ, ಏಕೆಂದರೆ ಸಂಖ್ಯೆ ಸಿಗಲಿಲ್ಲ ಎಂದು ಲೂಪ್ ಮುಗಿದಾಗ ಅದು ಪಟ್ಟಿಯಲ್ಲಿ ಎಲ್ಲಿಯೂ ಇಲ್ಲವೆಂದು ಹೇಳಲು ಯಾವ ಆಧಾರವನ್ನೂ ನಾನು ಕೊಟ್ಟಿರಲಿಲ್ಲ. ಎಡಗಡಿಗಿಂತ ಹಿಂದಿರುವವೆಲ್ಲ ಬೇಕಾದ ಸಂಖ್ಯೆಗಿಂತ ಚಿಕ್ಕವು, ಬಲಗಡಿಯಿಂದ ಮುಂದಿರುವವೆಲ್ಲ ಅದಕ್ಕಿಂತ ದೊಡ್ಡವು ಎಂದು ಸೇರಿಸಿದ ಮೇಲೆ ಆ ದೂರು ನಿಂತಿತು. ಉಳಿದದ್ದು ಲೂಪ್ ಕೊನೆಗೊಳ್ಳುತ್ತದೆಯೇ ಎಂಬ ಪ್ರಶ್ನೆ. ಎಡಗಡಿಯನ್ನು ನಡುವಿನ ಸ್ಥಾನಕ್ಕೇ ತಂದು ನಿಲ್ಲಿಸಿದ್ದೆ. ಒಂದೇ ಸಂಖ್ಯೆ ಉಳಿದಾಗ ನಡುವೂ ಎಡವೂ ಒಂದೇ ಆಗುವುದರಿಂದ ಗಡಿ ಕದಲುವುದೇ ಇಲ್ಲ. ನಡುವಿನ ಮುಂದಿನ ಸ್ಥಾನಕ್ಕೆ ತಂದಾಗ ಸಾಧನೆ ಪೂರ್ತಿಯಾಯಿತು.

ಆದರೆ ನಡುವಿನ ಸ್ಥಾನವನ್ನು ನಾನು (ಎಡ + ಬಲ) / 2 ಎಂದು ಲೆಕ್ಕ ಹಾಕಿದ್ದೆ. ಜಾವಾ ಭಾಷೆಯ ಜೊತೆ ಬರುವ ಸಿದ್ಧ ಪ್ರೋಗ್ರಾಂಗಳ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಉಳಿದಿದ್ದ ಇದೇ ಸಾಲಿನ ದೋಷವನ್ನು ಪ್ರೋಗ್ರಾಮರ್ ಜೋಶುವಾ ಬ್ಲಾಕ್ 2006ರಲ್ಲಿ ವಿವರಿಸಿದ್ದರು. 32 ಬಿಟ್‌ನ ಪೂರ್ಣಾಂಕದ ಗರಿಷ್ಠ ಬೆಲೆ 2,14,74,83,647. ಪಟ್ಟಿಯಲ್ಲಿ 150 ಕೋಟಿ ಸಂಖ್ಯೆಗಳಿದ್ದು ಬೇಕಾದದ್ದು ಬಲಭಾಗದಲ್ಲಿದ್ದರೆ, ಮೊದಲ ಸುತ್ತಿನ ನಂತರ ಎಡ 75 ಕೋಟಿ ದಾಟಿ ಮೊತ್ತ 225 ಕೋಟಿ ಮೀರುತ್ತದೆ. ಯಂತ್ರದಲ್ಲಿ ಅದು ಋಣಸಂಖ್ಯೆಯಾಗಿ, ಪಟ್ಟಿಯಲ್ಲಿ ಇಲ್ಲದ ಸ್ಥಾನವನ್ನು ಓದಲು ಹೋಗುತ್ತದೆ. ಇಂಥ ಸಾಲನ್ನು ಡ್ಯಾಫ್ನಿ ಹೇಗೆ ಒಪ್ಪಿತು? ಅದರ ಪೂರ್ಣಾಂಕ ಗಣಿತದ ಪೂರ್ಣಾಂಕ, ಅದಕ್ಕೆ ಮಿತಿಯಿಲ್ಲ. ಸಾಧನೆಯಲ್ಲಿ ತಪ್ಪಿರಲಿಲ್ಲ, ನಾನು ಸಾಧಿಸಿದ್ದು ನಮ್ಮ ಯಂತ್ರದಲ್ಲಿ ಓಡದ ಬೇರೊಂದು ಪ್ರೋಗ್ರಾಂ ಬಗ್ಗೆ ಆಗಿತ್ತು. ಸಾಧನೆ ಪೂರ್ತಿಯಾಯಿತೆಂಬ ಹಸಿರು ಗುರುತನ್ನು ಕಂಡು ಕಡತ ಮುಚ್ಚಿದ್ದ ನನಗೆ ಈ ಸಂಗತಿ ಬಹಳ ದಿನ ಕಾಡಿತು. 32 ಬಿಟ್‌ನ ಮಿತಿಯಿರುವ ಹೊಸ ಸಂಖ್ಯಾಪ್ರಕಾರವನ್ನು ಘೋಷಿಸಿದೊಡನೆ ಸಂಕಲನದ ಆ ಸಾಲಿನಲ್ಲೇ ಸಾಧನೆ ನಿಂತಿತು, ಮತ್ತು ಎಡ + (ಬಲ − ಎಡ) / 2 ಎಂದು ತಿದ್ದಿದಾಗ ಮುಂದುವರಿಯಿತು.

ಪಟ್ಟಿ ಏರಿಕೆಯಲ್ಲಿದೆ ಎಂಬ ದತ್ತವನ್ನು ಬರೆಯುವುದರಲ್ಲೂ ಒಂದು ತೊಡಕಿದೆ. ಪ್ರತಿ ಸಂಖ್ಯೆಯೂ ತನ್ನ ಪಕ್ಕದ ಮುಂದಿನ ಸಂಖ್ಯೆಗಿಂತ ದೊಡ್ಡದಲ್ಲ ಎಂದು ಬರೆದರೆ ಓದುವವರಿಗೆ ಸಾಕು. ಆದರೆ ದೂರದ ಎರಡು ಸ್ಥಾನಗಳ ಬಗ್ಗೆಯೂ ಅದೇ ನಿಜವೆನ್ನಲು ಅನುಗಮನ, ಅಂದರೆ ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಸಾಧಿಸುತ್ತಾ ಹೋಗುವ ಕ್ರಮ ಬೇಕು, ಮತ್ತು ಝೀ3 ತಾನಾಗಿ ಅನುಗಮನ ಮಾಡುವುದಿಲ್ಲ. ಎರಡು ಸ್ಥಾನಗಳ ಅಂತರದ ಮೇಲೆ ಅನುಗಮನ ಮಾಡುವ ಪುಟ್ಟ ಉಪಪ್ರಮೇಯವೊಂದನ್ನು ನಾನೇ ಬರೆದು ಲೂಪಿನೊಳಗೆ ಕರೆಯಬೇಕಾಯಿತು. ಯಾವುದೇ ಎರಡು ಸ್ಥಾನಗಳ ಹೋಲಿಕೆಯಾಗಿಯೇ ದತ್ತವನ್ನು ಬರೆದಿದ್ದರೆ ಈ ಶ್ರಮ ಉಳಿಯುತ್ತಿತ್ತು, ಆದರೆ ಆಗ ಪಟ್ಟಿಯನ್ನು ಕಟ್ಟುವ ಕಡೆ ಅದನ್ನು ಸಾಧಿಸುವ ಹೊರೆ ಹೆಚ್ಚುತ್ತಿತ್ತು. ನಾನು ಪಕ್ಕದ ಹೋಲಿಕೆಯನ್ನೇ ಉಳಿಸಿಕೊಂಡೆ.

ಈಗ ಈ ಹುಡುಕಾಟವನ್ನು ಎಲ್ಲಿಂದ ಕರೆದರೂ, ಕೊಡುವ ಪಟ್ಟಿ ಏರಿಕೆಯಲ್ಲಿದೆ ಎಂಬುದಕ್ಕೆ ಡ್ಯಾಫ್ನಿ ಅಲ್ಲಿಯೇ ಸಾಧನೆ ಕೇಳುತ್ತದೆ. ಕಡತದಿಂದ ಸಂಖ್ಯೆಗಳನ್ನು ಓದಿ ಪಟ್ಟಿ ತುಂಬಿಸುವ ನಮ್ಮ ಭಾಗ ಅದನ್ನು ಇನ್ನೂ ಕೊಡಲಾರದು. ಸದ್ಯ ಅದರ ಇನ್ವೇರಿಯಂಟ್ ಹುಡುಕುತ್ತಿದ್ದೇನೆ.